ನಮ್ಮ ಪಾಳಿಯ ಆರು ತಿಂಗಳು

ನಮ್ಮಪ್ಪ ದೇಶದ ದೊಡ್ಡ ಫುಟ್‌ಬಾಲ್ ಕಪ್ ಗೆದ್ದ ತಂಡದ ಕ್ಯಾಪ್ಟನ್. ಮನೆಗೆ ಬಂದವರ ಮುಂದೆ ಈ ಮಾತು ತೆಗೆದರೆ ಸಾಕು, ಅವ್ವ ಅಡುಗೆಮನೆಯಿಂದಲೇ "ಅರ್ಧಾ ಕಪ್" ಎಂದು ತಿದ್ದುತ್ತಾಳೆ. "ಜಂಟಿ ಅಂದ್ರ ಅರ್ಧಾ ಅಲ್ಲ, ಇಬ್ಬರೂ ಪೂರ್ತಿ ಗೆದ್ದಂಗ" ಎಂದು ಅಪ್ಪ ಅಲ್ಲಿಂದಲೇ ಕೂಗುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ನಾರಾಯಣಗೂಡದ ನಮ್ಮ ಮನೆಯಲ್ಲಿ ಈ ಜಗಳ ನಡೆದೇ ಇದೆ. ನಾನು ಅಪ್ಪನ ಪಕ್ಷ. ಅವ್ವನ ಮೊಂಡುತನ ನನಗೂ ಬಂದಿದೆ, ಆದರೆ ನ್ಯಾಯ ನ್ಯಾಯವೇ.

ನಡೆದದ್ದು ಇಷ್ಟು. ನಾನು ಹುಟ್ಟುವುದಕ್ಕೆ ಮೊದಲು, ಅಪ್ಪ ಬೀದರ್ ಕಡೆಯಿಂದ ಬಂದು ಹೈದರಾಬಾದಿನ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಗಿರಣಿಗೆ ತನ್ನದೇ ಫುಟ್‌ಬಾಲ್ ತಂಡವಿತ್ತು. ಹಗಲು ಮಗ್ಗದ ಮುಂದೆ, ಸಂಜೆ ಮೈದಾನದಲ್ಲಿ. ಆ ವರ್ಷ ಈ ತಂಡ ಒಂದೊಂದೇ ಸುತ್ತು ದಾಟಿಕೊಂಡು, ರೈಲಿನಲ್ಲಿ ಕೂತು ಕೂತು ಸೊಂಟ ಹಿಡಿಯುವಷ್ಟು ದೂರದ ಊರಿಗೆ ಹೋಗಿ ಫೈನಲ್ ಮುಟ್ಟಿತು. ಫೈನಲ್ ಸಮವಾಯಿತು. ಮತ್ತೆ ಆಡಿಸಿದರು, ಅದೂ ಸಮವಾಯಿತು. ಪೆನಾಲ್ಟಿ ಹೊಡೆಸಿ ತೀರ್ಮಾನ ಮಾಡುವ ಪದ್ಧತಿ ಆಗ ಇನ್ನೂ ಬಂದಿರಲಿಲ್ಲ. ಎರಡೂ ತಂಡ ಗೆದ್ದಂತೆ ಎಂದು ಸಾರಿ, ಕಪ್ಪನ್ನು ಆರಾರು ತಿಂಗಳು ಇಟ್ಟುಕೊಳ್ಳಿ ಎಂದು ಹಂಚಿಬಿಟ್ಟರು. ಮೊದಲ ಪಾಳಿ ಯಾರದು ಎಂಬುದಕ್ಕೆ ನಾಣ್ಯ ಚಿಮ್ಮುವುದು ರೂಢಿ. ಅಪ್ಪ "ಛಾಪಾ" ಎಂದರು. ಕಾಟಾ ಬಿತ್ತು, ಮೊದಲ ಪಾಳಿ ಆ ತಂಡದ ಪಾಲಾಯಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಟಾಸ್ ಗೆದ್ದ ತಂಡದ ಕ್ಯಾಪ್ಟನ್ ಒಳ್ಳೆಯ ಮನುಷ್ಯ. ಕಪ್ಪನ್ನು ಎತ್ತಿ ಹಿಡಿದು, "ಬಾ, ನೀನೂ ಒಂದು ಕೈ ಹಾಕು" ಎಂದು ಅಪ್ಪನನ್ನು ಕರೆದನಂತೆ. ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಗೆಲ್ಲದವರು ಕಪ್ ಮುಟ್ಟಬಾರದು ಎಂಬುದು ಆಟಗಾರರಲ್ಲಿ ಎಲ್ಲರೂ ಪಾಲಿಸುವ ನೇಮ. ಅಪ್ಪ ಅದಕ್ಕೆ ತಮ್ಮದೊಂದು ಬಾಲ ಸೇರಿಸಿದರು: ಗೆದ್ದವರು ತಮ್ಮ ಪಾಳಿ ಬರುವ ಮೊದಲು ಮುಟ್ಟಬಾರದು. ತಂಡದ ಕಡೆ ತಿರುಗಿ, "ಯಾರೂ ಮುಟ್ಟಬ್ಯಾಡ್ರಿ. ಆರು ತಿಂಗಳಿಗೆ ನಮ್ಮ ಊರಿಗೆ ಬರ್ತೈತಿ. ನಮ್ಮ ಊರಾಗ, ನಮ್ಮ ಮಂದಿ ಮುಂದ ಹಿಡಿಯೂಣು" ಎಂದರು. ಕ್ಯಾಪ್ಟನ್ ಮಾತು. ಯಾರೂ ಮುಟ್ಟಲಿಲ್ಲ.

ಆರು ತಿಂಗಳು ತುಂಬುವುದರೊಳಗೆ ಗಿರಣಿಯ ಮಾಲೀಕರು ಬದಲಾದರು. ಹೊಸಬರಿಗೆ ಬಟ್ಟೆ ಬೇಕಿತ್ತು, ಚೆಂಡು ಬೇಡವಾಗಿತ್ತು. ತಂಡ ಬರಖಾಸ್ತಾಯಿತು. ಪಾಳಿ ಬಂದಾಗ ಅಪ್ಪ ಹೋಗಿ ಕೇಳಿದರೆ, ತಂಡವೇ ಇಲ್ಲವಲ್ಲ, ಕಪ್ ಯಾರ ಕೈಗೆ ಕೊಡೋಣ ಎಂದು ಪಂದ್ಯಾವಳಿಯ ಕಚೇರಿಯವರು ಕೈ ತಿರುವಿದರಂತೆ. ಅಷ್ಟರಲ್ಲಿ ಅಪ್ಪನ ಮದುವೆಯೂ ಆಗಿತ್ತು. ಬೀಗರಿಗೆಲ್ಲ ಕಪ್ ತೋರಿಸುತ್ತೇನೆ ಎಂದು ಹೇಳಿಟ್ಟಿದ್ದರು. ಅದಕ್ಕಾಗಿ ಪಡಸಾಲೆಯ ಗೋಡೆಯಲ್ಲಿ ಒಂದು ಗೂಡನ್ನೂ ಕೊರೆಸಿದ್ದರು. ಅವ್ವ ಒಂದು ವರ್ಷ ಅದನ್ನು ಖಾಲಿ ಬಿಟ್ಟು, ಆಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ತಂದಿಟ್ಟಳು.

ಹೀಗೆ, ಗೆದ್ದ ಕಪ್ಪನ್ನು ಒಮ್ಮೆಯೂ ಮುಟ್ಟದ ಮನುಷ್ಯನ ಮಗಳಾಗಿ ನಾನು ಬೆಳೆದೆ. ಆ ಕಪ್ಪಿನ ಚರಿತ್ರೆ ಅಪ್ಪನಿಗೆ ಬಾಯಿಪಾಠ. ಭಾನುವಾರ ರೊಟ್ಟಿ ಮುರಿಯುತ್ತ ಶುರು ಮಾಡಿದರೆ, ತಾಟಿನಲ್ಲಿ ಕೈ ಒಣಗಿದರೂ ಮುಗಿಯುತ್ತಿರಲಿಲ್ಲ. ಬಿಳಿಯ ಸೋಲ್ಜರುಗಳು ತಮ್ಮ ತಮ್ಮಲ್ಲೇ ಆಡಿಕೊಳ್ಳಲು ಶುರುಮಾಡಿದ ಕಪ್ ಅದು. ನಮ್ಮವರು ಹಗ್ಗದ ಆಚೆ ನಿಂತು ನೋಡಬೇಕಾಗಿತ್ತು. ಆಮೇಲೆ ನಮ್ಮವರನ್ನೂ ಒಳಗೆ ಬಿಟ್ಟರು, ಬೂಟು ಹಾಕಿದವರ ಎದುರು ಬರಿಗಾಲಿನವರು ಆಡಿದರು. ಮಳೆಗೆ ನೆಂದ ತೊಗಲಿನ ಚೆಂಡನ್ನು ಬರಿಗಾಲಲ್ಲಿ ಒದೆಯುವುದೆಂದರೆ ಕಲ್ಲು ಒದೆದಂತೆ. ಹಾಗೆ ಒದ್ದು ಒದ್ದು ಕೊನೆಗೆ ಗೆದ್ದೂ ಬಿಟ್ಟರು. ಮುಂದೆ ನಮ್ಮ ಹೈದರಾಬಾದಿನ ಕಾಲ ಬಂತು. ದೇಶದ ತಂಡ ಕಟ್ಟಬೇಕಾದರೆ ಮೊದಲು ಈ ಊರಿನ ರೈಲು ಹತ್ತಬೇಕಿತ್ತು ಎಂದು ಅಪ್ಪ ಎದೆಯುಬ್ಬಿಸುತ್ತಿದ್ದರು. ಇಲ್ಲಿಯ ಆಟದಲ್ಲಿ ಚೆಂಡು ನೆಲ ಬಿಟ್ಟು ಏಳಬಾರದು. ಗಾಳಿಯಲ್ಲಿ ಹೊಡೆದವನಿಗೆ ಗುರುಗಳು ಅಂದು ನೀರು ಕೂಡ ಕೊಡುತ್ತಿರಲಿಲ್ಲವಂತೆ.

"ಲೀಗ್ ಅಂದ್ರ ಏನು? ಇವತ್ತು ಸೋತ್ರ ನಾಳೆ ಐತಿ," ಎನ್ನುತ್ತಿದ್ದರು ಅಪ್ಪ. "ನಾಕ್‌ಔಟ್‌ನ್ಯಾಗ ನಾಳೆ ಇಲ್ಲ. ಸೋತವ ಸಂಜಿ ರೈಲಿಗೆ ಮನಿಗೆ. ಅದಕ್ಕ ಅದರಾಗ ಆಡಿದವ್ರ ಮುಖಾನ ಬ್ಯಾರೆ ಇರ್ತೈತಿ."

ನಾನು ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಹೊಸ ಹುಡುಗರಿಗೆ ಒಂದು ಲೆಕ್ಕ ಕೊಡುತ್ತೇನೆ: ನಾಕ್‌ಔಟ್ ಪಂದ್ಯಾವಳಿಯಲ್ಲಿ ಇಂತಿಷ್ಟು ತಂಡ ಇದ್ದರೆ ಒಟ್ಟು ಎಷ್ಟು ಪಂದ್ಯ? ಹುಡುಗರು ಸುತ್ತು ಸುತ್ತು ಬರೆದು ಕೂಡಿಸುತ್ತಾರೆ. ಅಷ್ಟು ಕಷ್ಟ ಬೇಕಿಲ್ಲ. ಒಂದು ತಂಡ ಬಿಟ್ಟು ಉಳಿದವೆಲ್ಲ ಒಂದೊಂದು ಸಲ ಸೋಲಲೇಬೇಕು, ಹಾಗಾಗಿ ತಂಡಗಳಿಗಿಂತ ಒಂದು ಕಡಿಮೆ. ಈ ಜಾಣತನವನ್ನು ಒಮ್ಮೆ ಮನೆಯಲ್ಲಿ ತೋರಿಸಲು ಹೋದೆ. ಅಪ್ಪ ಕೇಳಿ, "ನಮ್ಮ ವರ್ಷದ ಲೆಕ್ಕಾ ಹೆಂಗವ್ವಾ? ಆ ವರ್ಷ ಇಬ್ಬರು ಸೋಲಲಿಲ್ಲ" ಎಂದರು.

ಚರಿತ್ರೆಯ ಇನ್ನೊಂದು ಪಾಠ ಚಾಚಾ ಅವರದು. ಚಾಚಾ ಎಂದರೆ ಆ ತಂಡದ ಗೋಲ್‌ಕೀಪರ್. ಹುಮನಾಬಾದ್ ಕಡೆಯವರು, ಗಿರಣಿಯಲ್ಲಿ ಅಪ್ಪನ ಪಕ್ಕದ ಮಗ್ಗ. ಎರಡನೆಯ ಫೈನಲಿನಲ್ಲಿ ಕೊನೆಯ ಗಳಿಗೆಯ ಚೆಂಡನ್ನು ಮುಖ ಕೊಟ್ಟು ತಡೆದು, ಮುಂದಿನ ಹಲ್ಲು ಅಲ್ಲೇ ಬಿಟ್ಟು ಬಂದವರು. ಮನೆಗೆ ಬಂದಾಗಲೆಲ್ಲ ಆ ಸಂದಿಯಿಂದ ಸೀಟಿ ಹೊಡೆದು ನನ್ನನ್ನು ನಗಿಸುತ್ತಿದ್ದರು. ಅವರಿಗೂ ಅಪ್ಪನಿಗೂ ಟಾಸಿನ ಜಗಳ ಆರಿದ್ದೇ ಇಲ್ಲ.

"ಕಾಟಾ ಅನ್ನು ಅಂತ ಹಿಂದಿನಿಂದ ನಾ ಹೇಳಿದ್ನೋ ಇಲ್ಲೋ?"

"ಹೇಳಿದ್ದಿ. ಆದ್ರ ಹಲ್ಲಿಲ್ಲದ ಬಾಯಿಲೆ ಹೇಳಿದ್ರ ಯಾರಿಗೆ ತಿಳಿಬೇಕಲೇ?"

ಉಳಿದವರು ವರ್ಷ ವರ್ಷಕ್ಕೆ ಕಡಿಮೆಯಾದರು. ಒಬ್ಬೊಬ್ಬರು ತೀರಿಕೊಂಡಾಗಲೂ ಅಪ್ಪ ಹೋಗಿ ಮಣ್ಣು ಹಾಕಿ ಬಂದು, ಸ್ನಾನ ಮಾಡಿ, ಪಡಸಾಲೆಯ ಆ ಗೂಡಿನ ಕೆಳಗೆ ಕೂರುತ್ತಿದ್ದರು. ಕೊನೆಗೆ ಅಪ್ಪ ಮತ್ತು ಚಾಚಾ ಇಬ್ಬರೇ ಉಳಿದರು. ಚಾಚಾ ಅವರಿಗೆ ಲಕ್ವಾ ಹೊಡೆದು ಒಂದು ಕಾಲು ಎಳೆಯುವಂತಾದ ಮೇಲೆ, ಪಟಾನ್‌ಚೆರುವಿನಲ್ಲಿ ಔಷಧಿ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಮಗನ ಮನೆಗೆ ಹೋಗಿ ಉಳಿದರು. ಜಗಳ ಫೋನಿನಲ್ಲಿ ಮುಂದುವರಿಯಿತು.

ಕಪ್ಪಿಗೂ ವಯಸ್ಸಾಯಿತು. ಈಗ ದುಡ್ಡಿನ ಲೀಗುಗಳದ್ದೇ ದರ್ಬಾರು. ಕಪ್ಪಿನ ಪಂದ್ಯ ಎಲ್ಲಿ ನಡೆಯಿತು, ಯಾರು ಗೆದ್ದರು ಎಂದು ಪೇಪರಿನ ಮೂಲೆಯಲ್ಲಿ ಹುಡುಕಬೇಕು. ಜನರಿಗೆ ಅದರ ನೆನಪು ಮಾಡಿಕೊಡಲೆಂದೇ ಏನೋ, ಪಂದ್ಯಾವಳಿಗೆ ಮೊದಲು ಕಪ್ಪನ್ನು ಅಲಂಕರಿಸಿದ ಟ್ರಕ್ಕಿನಲ್ಲಿಟ್ಟು ಊರೂರು ಸುತ್ತಿಸತೊಡಗಿದ್ದಾರೆ. ಒಂದು ದಿನ ನಾನು ಮೆಟ್ರೋ ಇಳಿದು ಮನೆಗೆ ಬರುವಾಗ ಗೋಡೆಯ ಮೇಲೆ ಪೋಸ್ಟರ್ ಕಂಡಿತು. ಕಪ್ ಹೈದರಾಬಾದಿಗೆ ಬರುತ್ತಿದೆ. ಅದೂ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಾಲೇಜು ಮೈದಾನಕ್ಕೆ, ಒಂದೇ ದಿನ.

ಓಡಿ ಬಂದು ಅಪ್ಪನಿಗೆ ಹೇಳಿದೆ. ಈ ಮೊದಲು ಎಷ್ಟೋ ಸಲ, ಕಪ್ ಇರುವ ಊರಿಗೇ ಹೋಗಿ ನೋಡಿ ಬರೋಣ ಎಂದು ನಾನು ಕೇಳಿದ್ದುಂಟು. "ಬ್ಯಾರೆಯವ್ರ ಮನ್ಯಾಗಿನ ಕಪ್ ನೋಡಾಕ ನಾ ಯಾಕ ಹೋಗ್ಲಿ?" ಎನ್ನುತ್ತಿದ್ದರು. ಈ ಸಲ ಮಾತ್ರ, "ನಮ್ಮ ಊರಿಗೆ ಬಂತಲ್ಲ!" ಎಂದರು. ಫೋನ್ ಎತ್ತಿ ಚಾಚಾಗೆ ಹೇಳಿದರು. ಆ ಕಡೆಯಿಂದ ಸೀಟಿ ಕೇಳಿಸಿತು.

ಆ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನ್ನ ಜೊತೆ ಮೈದಾನಕ್ಕೆ ಬಂದರು. ಶಾಮಿಯಾನದ ಕೆಳಗೆ, ಕೆಂಪು ಬಟ್ಟೆ ಹೊದಿಸಿದ ಮೇಜಿನ ಮೇಲೆ ಕಪ್ ಇತ್ತು. ಸುತ್ತ ಹಗ್ಗ. ಕಾಲೇಜು ಹುಡುಗರು ಅದಕ್ಕೆ ಬೆನ್ನು ಮಾಡಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು, ಕಪ್ಪಿಗೆ ಯಾರಾದರೂ ಬೆನ್ನು ತೋರಿಸುತ್ತಾರೆಯೇ? ಕಪ್ಪಿನ ಕೆಳಗಿನ ಕಟ್ಟಿಗೆಯ ಪೀಠದ ತುಂಬ ಸಣ್ಣ ಸಣ್ಣ ಬೆಳ್ಳಿಯ ಪಟ್ಟಿಗಳು, ಅವುಗಳ ಮೇಲೆ ಗೆದ್ದವರ ಹೆಸರುಗಳು. ನಾನು ಬಗ್ಗಿ ಹುಡುಕಿದೆ. ಅಪ್ಪನ ವರ್ಷದ ಪಟ್ಟಿಯಲ್ಲಿ ಮೊದಲು ಇನ್ನೊಂದು ತಂಡದ ಹೆಸರು, ಕೆಳಗೆ ಜಾಗ ಸಾಲದೆ ಪುಟ್ಟ ಅಕ್ಷರದಲ್ಲಿ ನಮ್ಮ ಗಿರಣಿಯ ಹೆಸರು. ಅಲ್ಲೂ ನಮ್ಮನ್ನು ಮೂಲೆಗೆ ತಳ್ಳಿದರಲ್ಲ ಎಂದು ಸಿಟ್ಟು ಬಂತು. ಮರುಕ್ಷಣ ಕಣ್ಣು ಮಂಜಾಯಿತು.

ಹಗ್ಗದ ಪಕ್ಕದಲ್ಲಿ ಕಪ್ಪಿನ ಉಸ್ತುವಾರಿಯ ಅಧಿಕಾರಿ ನಿಂತಿದ್ದ, ಉತ್ತರದ ಕಡೆಯ ಯುವಕ. ಗೆದ್ದವರು ಕಪ್ ಮುಟ್ಟಬಹುದೇ ಎಂದು ಹಿಂದಿಯಲ್ಲಿ ಕೇಳಿದೆ. ಗೆದ್ದವರು ಮಾತ್ರವೇ ಮುಟ್ಟಬಹುದು, ಮೇಡಂ, ಎಂದ. ನಾನು ಆ ಪಟ್ಟಿಯನ್ನು ತೋರಿಸಿದೆ, ಆಮೇಲೆ ಅಪ್ಪನನ್ನು ತೋರಿಸಿದೆ. ಅವನು ಪಟ್ಟಿ ಓದಿ, ಅಪ್ಪನ ಕಡೆ ತಿರುಗಿ, ಕಾಲು ಜೋಡಿಸಿ ಸೆಲ್ಯೂಟ್ ಹೊಡೆದ. ಹಗ್ಗ ಬಿಚ್ಚಿಸಿದ. ಹುಡುಗರೆಲ್ಲ ಫೋನುಗಳನ್ನು ಅಪ್ಪನ ಕಡೆ ತಿರುಗಿಸಿದರು.

ಅಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟರು. ಎರಡೂ ಕೈ ಬೆನ್ನ ಹಿಂದೆ ಹೋದವು.

"ಅಂವ ಬರ್ಲಿ," ಎಂದರು.

ಚಾಚಾ ಮತ್ತು ಅವರ ಮಗ ಮಧ್ಯಾಹ್ನವೇ ಪಟಾನ್‌ಚೆರುವಿನಿಂದ ಆಟೋದಲ್ಲಿ ಹೊರಟಿದ್ದರು. ಫೋನ್ ಮಾಡಿದರೆ ಮಗ, "ಅಕ್ಕಾ, ರಸ್ತಾ ಪೂರಾ ಜಾಮ್ ಆಗೈತಿ, ಗಾಡಿ ಅಲ್ಲಾಡವಲ್ದು" ಎಂದ. ಸಂಜೆಯ ಹೊತ್ತಿಗೆ ಕಪ್ ಮುಂದಿನ ಊರಿಗೆ ಹೊರಡಬೇಕು. ನಾನು ಅಪ್ಪನಿಗೆ ಹೇಳಿದೆ, ಬೇಡಿಕೊಂಡೆ, ಕೊನೆಗೆ ಮಂದಿಯ ನಡುವೆ ಎಂಬುದನ್ನೂ ಮರೆತು ರೇಗಿದೆ.

"ಅಪ್ಪಾ, ಹಠಾ ಸಾಕು ಮಾಡ್ರಿ. ಒಮ್ಮೆ ಹಿಂಗ ಕೈ ಕಟ್ಟಿ ನಿಂತು ಏನಾತು ಅಂತ ನೆನಪೈತಿಲ್ಲೋ? ಮತ್ತ ಆರು ತಿಂಗಳು ಕಾಯ್ತೀರೇನು?"

"ಅದು ನೆನಪೈತಿ ಅಂತನ ನಿಂತೀನಿ," ಎಂದರು ಅಪ್ಪ, ಸ್ವಲ್ಪವೂ ಸಿಟ್ಟಿಲ್ಲದೆ. "ಮುಟ್ಟಬ್ಯಾಡ್ರಿ ಅಂದವ ನಾ. ಎಲ್ಲಾರೂ ನನ್ನ ಮಾತು ಕೇಳಿದ್ರು. ಕೇಳಿ ಖಾಲಿ ಕೈಲೆ ಬಂದ್ರು, ಖಾಲಿ ಕೈಲೆ ಹೋದ್ರು. ಈಗ ಉಳದವ ಅಂವ ಒಬ್ಬ. ಅವನ್ನ ಬಿಟ್ಟು ನಾ ಹೆಂಗ ಹಿಡೀಲಿ, ಹೇಳವ್ವಾ?"

ಐವತ್ತು ದಾಟಿದ ಮೇಲೆ ನಾನು ಮೊದಲ ಸಲ ಅಪ್ಪನ ಹಠವನ್ನು ಹಠ ಎಂದು ಕರೆಯಲಾರದೆ ಹೋದೆ. ಅವರಿಗೆ ಬೇಕಾಗಿದ್ದುದು ಕಪ್ಪಲ್ಲ. ತಾವು ಕೊಟ್ಟ ಮಾತಿನಿಂದ ಬಿಡುಗಡೆ ಬೇಕಾಗಿತ್ತು, ಅದು ಚಾಚಾ ಬಂದ ಹೊರತು ಸಿಗುವಂತಿರಲಿಲ್ಲ. ನಾನು ಅಪ್ಪನ ಪಕ್ಕ ಹೋಗಿ ನಿಂತೆ.

ಅಧಿಕಾರಿ ತನ್ನಿಂದಾದಷ್ಟು ಕಾದ. ಪಾಪ, ಎರಡು ಸಲ ಡ್ರೈವರನಿಗೆ ಚಹಾ ಕುಡಿದು ಬಾ ಎಂದು ಕಳಿಸಿದ. ಕೊನೆಗೆ ಅಪ್ಪನ ಹತ್ತಿರ ಬಂದು, ಕ್ಷಮಿಸಬೇಕು, ಇನ್ನು ತಡ ಮಾಡುವ ಹಾಗಿಲ್ಲ ಎಂದ. ಕಪ್ಪನ್ನು ಪೆಟ್ಟಿಗೆಯಲ್ಲಿಟ್ಟು ಟ್ರಕ್ಕಿಗೆ ಏರಿಸಿದರು. ಟ್ರಕ್ಕು ಗೇಟು ದಾಟಿ ಹೋಯಿತು. ಅಪ್ಪ ಅದರ ಹಿಂದೆಯೇ ನಡೆದು ಬಂದು ಗೇಟಿನ ಹತ್ತಿರ ನೆಟ್ಟಗೆ ನಿಂತರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ನಮ್ಮ ಊರಿನ ಟ್ರಾಫಿಕ್ಕನ್ನು ಬೈಯದ ದಿನ ನನ್ನ ಬಾಳಿನಲ್ಲಿಲ್ಲ. ಅವತ್ತು ಅದೇ ನಮ್ಮನ್ನು ಕಾಯಿತು. ಟ್ರಕ್ಕು ಗೇಟಿನಿಂದಲೇ ಕಾಣುವ ನಾರಾಯಣಗೂಡದ ಚೌರಸ್ತೆಯವರೆಗೆ ಹೋಗಿ, ಬಸ್ಸು ಬೈಕುಗಳ ನಡುವೆ ಸಿಕ್ಕಿಕೊಂಡು ನಿಂತಿತು. ಅದೇ ಹೊತ್ತಿಗೆ ರಸ್ತೆಯ ಆ ಕಡೆಯಿಂದ, ಹಾರ್ನುಗಳ ಗದ್ದಲವನ್ನೂ ಸೀಳಿಕೊಂಡು ಒಂದು ಸೀಟಿ ಕೇಳಿಸಿತು. ಅಂಥ ಸೀಟಿ ಈ ಊರಿನಲ್ಲಿ ಒಂದೇ ಬಾಯಿಯಿಂದ ಬರುತ್ತದೆ. ಆಟೋದಿಂದ ಅರ್ಧ ಹೊರಗೆ ಬಾಗಿ ಚಾಚಾ ಕೈ ಬೀಸುತ್ತಿದ್ದರು.

ನಾನು ಓಡಿದೆ. ಬಸ್ಸು ತಪ್ಪಿದರೂ ಓಡದವಳು ಸೀರೆಯ ನಿರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ಓಡಿದೆ. ಟ್ರಕ್ಕಿನ ಪಕ್ಕಕ್ಕೆ ದಬದಬ ಬಡಿದು, "ಆ ಗಯೇ! ಗೋಲ್‌ಕೀಪರ್ ಸಾಬ್ ಆ ಗಯೇ!" ಎಂದು, ಅವರು ಬಂದರೆಂದು ಹಿಂದಿಯಲ್ಲಿ ಕಿರುಚಿದೆ. ಅಧಿಕಾರಿ ಬಾಗಿಲು ತೆರೆದು ಕೆಳಗೆ ಹಾರಿದ. ನನ್ನನ್ನು ಒಂದು ಮಾತೂ ಕೇಳದೆ ಹಿಂದಕ್ಕೆ ಹೋಗಿ ಪೆಟ್ಟಿಗೆ ತೆರೆಸಿದ. ಕೈಗವಸು ಹಾಕಿದ ಕೈಗಳಿಂದ ಕಪ್ಪನ್ನು ತಾನೇ ಎದೆಗವಚಿಕೊಂಡು, ಬೈಕುಗಳ ಸಂದಿಯಲ್ಲಿ ದಾರಿ ಮಾಡಿಕೊಳ್ಳುತ್ತ ಆಟೋದ ಕಡೆ ನಡೆದ. ಹಿಂದಿನಿಂದ ಅಪ್ಪ ಎಡಬಲ ನೋಡದೆ ರಸ್ತೆ ದಾಟಿ ಬಂದರು. ಬೇರೆ ದಿನವಾಗಿದ್ದರೆ ನಾನು ಕೂಗಿಕೊಳ್ಳುತ್ತಿದ್ದೆ.

ಚಾಚಾ ಅವರನ್ನು ಮಗ ಆಟೋದಿಂದ ಇಳಿಸಿ ನಿಲ್ಲಿಸಿದ. ಅಧಿಕಾರಿ ಕಪ್ಪನ್ನು ಮುಂದೆ ಚಾಚಿದ. ಅಪ್ಪ ಒಂದು ಹಿಡಿಕೆಗೆ ಕೈ ಹಾಕಿದರು, ಚಾಚಾ ಇನ್ನೊಂದಕ್ಕೆ. ಅಧಿಕಾರಿ ಮೆಲ್ಲಗೆ ಕೈ ಬಿಟ್ಟ. ಕಪ್ ಒಂದಿಷ್ಟು ಕೆಳಕ್ಕೆ ಜಗ್ಗಿ, ಆಮೇಲೆ ನಿಂತಿತು.

"ಲೇ, ಇಷ್ಟು ಭಾರ ಇತ್ತೇನೋ ಇದು?" ಎಂದರು ಚಾಚಾ.

"ನನಗೇನು ಗೊತ್ತಲೇ!" ಎಂದರು ಅಪ್ಪ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ನಗುತ್ತ ನಗುತ್ತಲೇ ಅಪ್ಪನ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ, ಕಪ್ಪಿಗೆ ಬೆರಳು ತಾಕದಂತೆ ಎಚ್ಚರದಿಂದ. ನಾನು ಗೆದ್ದವಳಲ್ಲವಲ್ಲ.

ಆಮೇಲೆ ಇಬ್ಬರೂ ಕೂಡಿ ಅದನ್ನು ಎತ್ತಿದರು. ತಲೆಯ ಮೇಲಕ್ಕೆ ಹೋಗಲಿಲ್ಲ, ಎದೆಯವರೆಗೆ ಬಂತು. ಸಾಕಾಯಿತು. ಏನಾಯಿತೆಂದು ಯಾರೋ "ಏಮೈಂದಿ?" ಎಂದು ಕೇಳಿದರು. ನಾನು ತೆಲುಗಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಯಾರೂ ಕೇಳದಿದ್ದರೂ ಕನ್ನಡದಲ್ಲೂ ಹೇಳಿದೆ: ಇವರು ಈ ಊರಿಗೆ ದೇಶದ ಕಪ್ ಗೆದ್ದುಕೊಟ್ಟವರು. ಬಸ್ಸಿನ ಕಿಟಕಿಗಳಿಂದ ಕೈಗಳು ಹೊರಬಂದು ಚಪ್ಪಾಳೆ ಬಿತ್ತು. ಬೈಯಲೆಂದು ಬಂದ ಟ್ರಾಫಿಕ್ ಪೊಲೀಸ್, ಸಂಗತಿ ತಿಳಿದ ಮೇಲೆ, ತಾನೇ ಕೈ ಅಡ್ಡ ಹಿಡಿದು ನಾಲ್ಕೂ ಕಡೆಯ ಗಾಡಿ ನಿಲ್ಲಿಸಿದ. ನಮ್ಮ ಊರಿನ ನಟ್ಟನಡು ಚೌರಸ್ತೆಯಲ್ಲಿ, ನಮ್ಮ ಮಂದಿಯ ಮುಂದೆ, ಅಪ್ಪ ಹೇಳಿದ್ದ ಹಾಗೆಯೇ.

ಚಪ್ಪಾಳೆ ಇಳಿದ ಮೇಲೆ ಅಧಿಕಾರಿ ಕಪ್ಪನ್ನು ಮರಳಿ ಪಡೆಯಲು ಎರಡೂ ಕೈ ಚಾಚಿದ. ಚಾಚಾ ಬಿಡಲಿಲ್ಲ. ಮಗ ಮೆಲ್ಲಗೆ "ಅಬ್ಬಾಜಾನ್, ಕೊಡ್ರಿ" ಎಂದ. ಆಗಲೂ ಬಿಡಲಿಲ್ಲ. "ಗೋಲ್‌ಕೀಪರ್ ಕೈಯಾಗ ಬಂದದ್ದು ಅಷ್ಟು ಸಲೀಸ ಬಿಡ್ತಾನೇನು?" ಎಂದರು.

ಅಧಿಕಾರಿ, ನೀವಾದರೂ ಹೇಳಿ ಎಂಬಂತೆ ಕ್ಯಾಪ್ಟನ್ ಕಡೆ ನೋಡಿದ. ಅಪ್ಪ ತಮ್ಮ ಹಿಡಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಹಿಂದಿ ಮರೆತು ಕನ್ನಡದಲ್ಲೇ ಹೇಳಿದರು: "ತಡೀರಿ ಸಾಹೇಬ್ರ. ನಮ್ಮ ಆರು ತಿಂಗಳು ಈಗ ಶುರು ಆಗೈತಿ."

ಅವನು ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಅದನ್ನು ಇಡೀ ಚೌರಸ್ತೆಗೆ ಕೇಳುವಂತೆ ಹಿಂದಿಯಲ್ಲಿ ಹೇಳಿದೆ. ಅವನು ಚಾಚಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡ.